ಸೈರನ್ ಒತ್ತಲು ಯಾರ ಅಪ್ಪಣೆ ಬೇಕು?

ಅಪಾಯಕಾರಿ ಅನಿಲ, ರಾಸಾಯನಿಕ ಇಟ್ಟುಕೊಂಡಿರುವ ಕರ್ನಾಟಕದ ಕಾರ್ಖಾನೆಗಳ ಮುಖ್ಯಸ್ಥರಿಗೆ ಮತ್ತು ಆಯಾ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ರಾತ್ರಿ ಮೂರು ಗಂಟೆಗೆ ನಿಮ್ಮ ಕಾರ್ಖಾನೆಯ ಒಂದು ಟ್ಯಾಂಕಿನಿಂದ ಅನಿಲ ಸೋರಲು ಶುರುವಾಯಿತು ಅಂತ ಇಟ್ಟುಕೊಳ್ಳಿ. ಎಂ.ಡಿ. ಬೆಂಗಳೂರಲ್ಲೋ ಮುಂಬೈಯಲ್ಲೋ ಇರುತ್ತಾರೆ. ಪ್ಲಾಂಟ್ ಹೆಡ್ ಮನೆಯಲ್ಲಿ ನಿದ್ದೆಯಲ್ಲಿರುತ್ತಾರೆ. ಸೇಫ್ಟಿ ಆಫೀಸರ್ ಜನರಲ್ ಶಿಫ್ಟಿನವರು, ಬೆಳಗ್ಗೆಯೇ ಬರುವುದು. ಆ ಹೊತ್ತಿಗೆ ಜಾಗದಲ್ಲಿರುವ ಹಿರಿಯರು ಅಂದರೆ ಶಿಫ್ಟ್ ಇನ್‌ಚಾರ್ಜ್ ಒಬ್ಬರೇ. ಕಾಂಪೌಂಡ್ ಗೋಡೆಯ ಆಚೆ ಇಡೀ ಊರು ಮಲಗಿದೆ. ಆ ಊರನ್ನು ಎಬ್ಬಿಸುವ ಸೈರನ್ ಒತ್ತುವ ಅಧಿಕಾರ ಅವರಿಗೆ ಇದೆಯಾ? ಯಾರನ್ನೂ ಕೇಳದೆ ಒತ್ತಬಹುದು ಅಂತ ಅವರಿಗೆ ಬರಹದಲ್ಲಿ ಕೊಟ್ಟಿದ್ದೀರಾ?

ಈ ಪತ್ರ ಬರೆದದ್ದೇ ಈ ಪ್ರಶ್ನೆ ಕೇಳಲು. ನಾನು ಕರಾವಳಿಯ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ನನ್ನ ಮನೆ ಇರುವುದು ಕೈಗಾರಿಕಾ ಪ್ರದೇಶದ ಪಕ್ಕದ ಊರಲ್ಲೇ. ಗೇಟಿನ ಒಳಗೆ ಎಷ್ಟು ತಯಾರಿ ಇರುತ್ತದೆ ಅಂತ ಕಂಡಿದ್ದೇನೆ. ಗೇಟಿನ ಹೊರಗೆ ಅದರ ಒಂದು ಸುಳಿವೂ ಇರುವುದಿಲ್ಲ ಅಂತ ದಿನಾ ಕಾಣುತ್ತಿದ್ದೇನೆ. ಬೆಂಕಿ ಆರಿಸುವುದು, ವಾಲ್ವ್ ಮುಚ್ಚುವುದು, ಗಾಯಾಳುಗಳನ್ನು ಸಾಗಿಸುವುದು, ಇವೆಲ್ಲ ನಿಮ್ಮವರಿಗೆ ಚೆನ್ನಾಗಿ ಗೊತ್ತು. ಜನರಿಗೆ ಹೇಳುವ ಕೆಲಸ ಮಾತ್ರ ಯಾರದ್ದೂ ಆಗಿರುವುದಿಲ್ಲ.

ವಿಶಾಖಪಟ್ಟಣದಲ್ಲಿ ಏನಾಯಿತು ಅಂತ ನಿಮಗೂ ಗೊತ್ತಿದೆ. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಹೊರಬಂದು ಪಕ್ಕದ ಆರ್.ಆರ್. ವೆಂಕಟಾಪುರಂಗೆ ನುಗ್ಗಿತು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಜನರಿಗೆ ಎಚ್ಚರವಾದದ್ದು ಉಸಿರು ಕಟ್ಟಿದ ಮೇಲೆ. ಯಾವ ಕಡೆ ಓಡಬೇಕು ಅಂತ ಗೊತ್ತಿಲ್ಲದೆ ಕತ್ತಲಲ್ಲಿ ಓಡಿದರು, ದಾರಿಯಲ್ಲೇ ಬಿದ್ದರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯ ವರದಿಯಲ್ಲಿ ಒಂದು ಅಂಶವಿದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಕಾರ್ಖಾನೆಯಲ್ಲಿ ಸೈರನ್ ಇತ್ತು. ಅದನ್ನು ಚಾಲೂ ಮಾಡಲು 36 ಕಡೆ ಗುಂಡಿಗಳಿದ್ದವು. ಒಂದು ಗೇಟಿನ ಹತ್ತಿರವೇ ಇತ್ತು. ಒಂದನ್ನೂ ಒತ್ತಲಿಲ್ಲ.

36 ಗುಂಡಿ ಹಾಕಿಸುವಷ್ಟು ಖರ್ಚು ಮಾಡಿದ ಸಂಸ್ಥೆಗೆ ತಯಾರಿ ಇರಲಿಲ್ಲ ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ. ಸಾಮಾನು ಇತ್ತು. ಆ ಸಾಮಾನಿಗೆ ಕೈಹಾಕಬೇಕಾದ ಮನುಷ್ಯರು ತಯಾರಿರಲಿಲ್ಲ. ಆ ರಾತ್ರಿ ಅಲ್ಲಿದ್ದವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ನಮ್ಮ ಕಾರ್ಖಾನೆಗಳ ರೀತಿ ನನಗೆ ಗೊತ್ತು. ಸೈರನ್ ಒತ್ತಿ ಆಮೇಲೆ ಏನೂ ಆಗದಿದ್ದರೆ ಮಾರನೇ ದಿನ ವಿಚಾರಣೆ ನಡೆಯುತ್ತದೆ. ಊರವರನ್ನು ಯಾಕೆ ಗಾಬರಿಪಡಿಸಿದೆ, ಪೇಪರಿನವರು ಬಂದರಲ್ಲ, ಯಾರನ್ನು ಕೇಳಿ ಒತ್ತಿದೆ ಅಂತ. ಒತ್ತದೆ ಸುಮ್ಮನಿದ್ದವನಿಗೆ ಇಂಥ ಮೆಮೊ ಬಂದದ್ದು ನಾನು ಕಂಡಿಲ್ಲ. ಹೀಗಿರುವಾಗ ಮೂರು ಗಂಟೆ ರಾತ್ರಿಯಲ್ಲಿ ಮನುಷ್ಯ ಮೊದಲು ಮಾಡುವುದು ಮೇಲಿನವರಿಗೆ ಫೋನ್. ಅವರು ಎತ್ತಬೇಕು, ಕೇಳಬೇಕು, ಅವರು ಇನ್ನೊಬ್ಬರಿಗೆ ಮಾಡಬೇಕು. ಅನಿಲ ಅಷ್ಟು ಹೊತ್ತು ಕಾಯುವುದಿಲ್ಲ.

ಭೋಪಾಲದಲ್ಲಿ ಇದು ಇನ್ನೂ ಘೋರವಾಗಿ ನಡೆಯಿತು. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಎಂಬ ವಿಷಾನಿಲ ಹೊರಬಿತ್ತು. ಊರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಜನ ಹೆದರಬಾರದು ಅಂತ ಹೊರಗಿನ ಸೈರನ್ ಬಂದ್ ಮಾಡಿ, ಒಳಗಿನದನ್ನು ಮಾತ್ರ ಚಾಲೂ ಇಡುವ ಪದ್ಧತಿ ಅಲ್ಲಿತ್ತು. ಒಳಗಿದ್ದ ಕಾರ್ಮಿಕರು ಗಾಳಿಯ ದಿಕ್ಕು ನೋಡಿ ಅದಕ್ಕೆ ಎದುರಾಗಿ ಓಡಿದರು. ಹೊರಗಿನ ಗುಡಿಸಲುಗಳ ಜನಕ್ಕೆ ಆ ವಿದ್ಯೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಜನ ಅನಿಲ ಹೋಗುತ್ತಿದ್ದ ದಿಕ್ಕಿನಲ್ಲೇ ಓಡಿದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದುಕೊಳ್ಳಿ ಅಂತ ಹೇಳಲು ದುಡ್ಡು ಬೇಡ, ಯಂತ್ರ ಬೇಡ. ಆ ಒಂದು ಮಾತೂ ಅವರನ್ನು ಮುಟ್ಟಲಿಲ್ಲ. ಹಮೀದಿಯಾ ಆಸ್ಪತ್ರೆಯ ವೈದ್ಯರಿಗೆ ತಮ್ಮ ಮುಂದೆ ಸಾಲುಗಟ್ಟಿ ಬಿದ್ದವರು ಕುಡಿದ ವಿಷ ಯಾವುದು ಅಂತಲೇ ಸರಿಯಾಗಿ ತಿಳಿಯಲಿಲ್ಲ.

ಅದೇ ರಾತ್ರಿ ಅದೇ ಊರಲ್ಲಿ ಒಬ್ಬರು ಯಾರ ಅಪ್ಪಣೆಗೂ ಕಾಯಲಿಲ್ಲ. ಭೋಪಾಲ್ ನಿಲ್ದಾಣದ ಡೆಪ್ಯೂಟಿ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್. ಗಂಟಲು ಉರಿಯುತ್ತಿದ್ದಾಗಲೇ ಪ್ಲಾಟ್‌ಫಾರ್ಮಿನಲ್ಲಿ ಜನ ತುಂಬಿ ನಿಂತಿದ್ದ ರೈಲನ್ನು ಹೊತ್ತಿಗೆ ಮೊದಲೇ ಬಿಟ್ಟರು. ಭೋಪಾಲಿಗೆ ರೈಲು ಕಳಿಸಬೇಡಿ ಅಂತ ಅಕ್ಕಪಕ್ಕದ ನಿಲ್ದಾಣಗಳಿಗೆ ಸುದ್ದಿ ಮುಟ್ಟಿಸಿದರು. ಮೇಲಿನವರ ಆದೇಶಕ್ಕೆ ಕಾದಿದ್ದರೆ ಇನ್ನೆಷ್ಟು ಜನ ಸಾಯುತ್ತಿದ್ದರೋ. ಅವರನ್ನು ವೀರ ಅಂತ ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ಒಂದು ಸಂಸ್ಥೆ ತನ್ನ ಜನರಲ್ಲಿ ವೀರರು ಇರಲಿ ಅಂತ ದೇವರ ಮೇಲೆ ಭಾರ ಹಾಕಿ ಕೂರಬಾರದು. ಸಾಮಾನ್ಯ ಧೈರ್ಯದ, ಕೆಲಸದ ಚಿಂತೆ ಇರುವ, ಮನೆಯಲ್ಲಿ ಮಕ್ಕಳಿರುವ ಮನುಷ್ಯನೂ ಆ ಗುಂಡಿ ಒತ್ತುವಂತೆ ನೀವು ಮೊದಲೇ ವ್ಯವಸ್ಥೆ ಮಾಡಿರಬೇಕು.

ಹಾಗಾಗಿ ನನ್ನ ಮೊದಲ ಕೋರಿಕೆ. ಶಿಫ್ಟ್ ಇನ್‌ಚಾರ್ಜ್‌ಗೂ ಕಂಟ್ರೋಲ್ ರೂಮಿನಲ್ಲಿ ಕೂರುವ ಆಪರೇಟರ್‌ಗೂ ನಿಮ್ಮ ಸಹಿ ಇರುವ ಒಂದು ಕಾಗದ ಕೊಡಿ. ಸೋರಿಕೆ ಗೇಟಿನಾಚೆ ಹೋಗಬಹುದು ಎಂಬ ಅನುಮಾನ ಬಂದರೆ ಸಾಕು, ನೀವು ಹೊರಗಿನ ಸೈರನ್ ಒತ್ತಿ, ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೂ ತುರ್ತು ಸಹಾಯದ 112ಕ್ಕೂ ಫೋನ್ ಮಾಡಿ, ಆಮೇಲೆ ನಮಗೆ ತಿಳಿಸಿ. ಅನುಮಾನ ಸುಳ್ಳಾದರೂ ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ. ಇಷ್ಟು ಬರೆದರೆ ಆಯಿತು. ಆ ಕಾಗದವನ್ನು ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿ. ಒಂದು ಸಲ ಯಾರಾದರೂ ಸುಳ್ಳು ಅನುಮಾನದ ಮೇಲೆ ಒತ್ತಿದರೆ ಎಲ್ಲರೆದುರು ಅವರ ಬೆನ್ನು ತಟ್ಟಿ. ಮುಂದೆ ನಿಜವಾಗಿ ಒತ್ತಬೇಕಾದವರು ಅದನ್ನು ನೋಡುತ್ತಿರುತ್ತಾರೆ.

ಇನ್ನು ಮಾಕ್ ಡ್ರಿಲ್, ಅಂದರೆ ಅಣಕು ಅಭ್ಯಾಸದ ವಿಷಯ. ನಾನು ನಿವೃತ್ತನಾದ ಮೇಲೆ ಒಂದು ದಿನ ಗೇಟಿನ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಒಳಗೆ ಡ್ರಿಲ್ ನಡೆಯುತ್ತಿತ್ತು. ಕಾಂಪೌಂಡಿನ ಮೇಲಿಂದ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಾಣುತ್ತಿತ್ತು, ಅಗ್ನಿಶಾಮಕ ವಾಹನ ಓಡಾಡುವ ಸದ್ದು ಕೇಳುತ್ತಿತ್ತು. ಒಳಗಿನ ದೃಶ್ಯ ನನಗೆ ಬಾಯಿಪಾಠ. ಸ್ಟ್ರೆಚರ್ ಮೇಲೆ ಮಲಗಿದ ‘ಗಾಯಾಳು’, ಸ್ಟಾಪ್‌ವಾಚ್ ಹಿಡಿದ ವೀಕ್ಷಕರು, ಕೊನೆಗೆ ಚಾ ಕುಡಿಯುತ್ತಾ ಎಲ್ಲ ಚೆನ್ನಾಗಾಯಿತು ಎನ್ನುವ ಸಭೆ. ಸೈರನ್ ಏರಿ ಇಳಿದು ಏರಿ ಇಳಿದು ಕೂಗುತ್ತಲೇ ಇತ್ತು. ಬಸ್ ಸ್ಟಾಪಿನಲ್ಲಿದ್ದ ಹೆಂಗಸೊಬ್ಬರು ಮೀನಿನ ಬುಟ್ಟಿ ಕೆಳಗಿಟ್ಟು ನನ್ನನ್ನು ಕೇಳಿದರು, “ಇವತ್ತೆಂತ ಮಾರಾಯ್ರೆ, ಪಾಳಿ ಬೇಗ ಬಿಟ್ಟಿತಾ?” ಅಪಾಯದ ಸೈರನ್ನೂ ಪಾಳಿ ಬಿಡುವ ಸೈರನ್ನೂ ಅವರಿಗೆ ಒಂದೇ. ಎಷ್ಟೋ ವರ್ಷ ಆ ಗೇಟಿನ ಮುಂದೆ ಮೀನು ಮಾರಿದವರು ಅವರು. ಏರಿಳಿಯುವ ಸದ್ದು ಅಪಾಯದ್ದು, ಒಂದೇ ಸಮ ಉದ್ದಕ್ಕೆ ಕೂಗಿದರೆ ಅಪಾಯ ಮುಗಿಯಿತು ಅಂತ, ಈ ಎರಡು ಮಾತನ್ನು ಅಷ್ಟು ವರ್ಷದಲ್ಲಿ ಒಬ್ಬರೂ ಅವರಿಗೆ ಹೇಳಿರಲಿಲ್ಲ.

ಅಂಥ ಡ್ರಿಲ್ಲನ್ನು ಯಶಸ್ವಿ ಅಂತ ಬರೆದುಕೊಳ್ಳುವುದು ಹೇಗೆ ಸರಿ?

ಸ್ವಿಟ್ಜರ್ಲೆಂಡಿನಲ್ಲಿ ಪ್ರತಿ ವರ್ಷ ಫೆಬ್ರವರಿಯ ಮೊದಲ ಬುಧವಾರ ದೇಶದ ಸೈರನ್‌ಗಳನ್ನೆಲ್ಲ ಕೂಗಿಸಿ ನೋಡುತ್ತಾರೆ. ಅಲ್ಲಿನ ಮಕ್ಕಳಿಗೂ ಆ ಸದ್ದಿನ ಅರ್ಥ ಗೊತ್ತು. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಮೊಬೈಲ್‌ಗಳಿಗೆ ತುರ್ತು ಎಚ್ಚರಿಕೆಯ ಪ್ರಯೋಗ ಸಂದೇಶ ಬಂದಾಗ ಎಷ್ಟು ಜನ ಬೆಚ್ಚಿಬಿದ್ದರು ನೆನಪಿದೆಯಲ್ವಾ? ಫೋನ್ ಹ್ಯಾಕ್ ಆಯಿತು ಅಂದುಕೊಂಡವರೂ ಇದ್ದರು. ಹಾಗಂತ ಅಂಥ ಪ್ರಯೋಗ ಬೇಡ ಅನ್ನುವುದಿಲ್ಲ. ಜಾಸ್ತಿ ಆಗಬೇಕು. ಮೊದಲೇ ತಿಳಿಸಿ, ಮತ್ತೆ ಮತ್ತೆ ಮಾಡಿದರೆ ಸದ್ದು ಪರಿಚಯವಾಗುತ್ತದೆ.

ನಾನು ಕೇಳುತ್ತಿರುವುದು ದಯೆಯೇನಲ್ಲ. ಕಾನೂನಿನಲ್ಲೇ ಇದೆ. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಆಯಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಬಂದವು. ಅದರ 15ನೇ ನಿಯಮ ನೇರವಾಗಿ ನಿಮಗೇ ಹೇಳುತ್ತದೆ: ಅಪಘಾತವಾದರೆ ತೊಂದರೆಗೆ ಸಿಲುಕಬಹುದಾದ ಹೊರಗಿನ ಜನರಿಗೆ, ಅಪಾಯ ಯಾವ ಬಗೆಯದು, ರಕ್ಷಣೆಗೆ ಏನಿದೆ, ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲೇ ತಿಳಿಸಬೇಕು. ನೀವೇ ತಿಳಿಸಬಹುದು, ಜಿಲ್ಲಾಡಳಿತದ ಮೂಲಕವೂ ತಿಳಿಸಬಹುದು. ಒಳಗಿನ ಅಣಕು ಅಭ್ಯಾಸ ಆರು ತಿಂಗಳಿಗೊಮ್ಮೆ ನಡೆಯಬೇಕು. ಊರನ್ನೂ ಸೇರಿಸಿಕೊಳ್ಳುವ ಆಫ್‌ಸೈಟ್ ಅಭ್ಯಾಸ ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಅದು ಜಿಲ್ಲಾಧಿಕಾರಿಗಳ ಹೊಣೆ.

1996ರ ರಾಸಾಯನಿಕ ಅಪಘಾತ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಕೈಗಾರಿಕಾ ಪ್ರದೇಶಕ್ಕೆ ಒಂದು ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು, ಅದು ತಿಂಗಳಿಗೊಮ್ಮೆ ಸೇರಬೇಕು. ಅದರಲ್ಲಿ ಯಾರ್‍ಯಾರು ಇರಬೇಕು ಅಂತ ನೋಡಿ. ಕಾರ್ಖಾನೆಯವರು, ಪೊಲೀಸರು, ಅಗ್ನಿಶಾಮಕದವರು ಸರಿ. ಊರಿನ ಮುಖಂಡರು, ವೈದ್ಯರು, ಸಮಾಜ ಸೇವಕರೂ ಇರಬೇಕು. ಸ್ಥಳೀಯ ಪತ್ರಿಕೆಯ ಸಂಪಾದಕರೂ ಇರಬೇಕು. ಈ ಪಟ್ಟಿ ಮಾಡಿದವರಿಗೆ ವಿಷಯ ಅರ್ಥವಾಗಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಭೋಪಾಲದಲ್ಲಿ ದುರಂತಕ್ಕೆ ಎರಡು ವರ್ಷ ಮೊದಲೇ, 1982ರಲ್ಲಿ, ಈ ಕಾರ್ಖಾನೆ ಊರನ್ನು ಕೊಲ್ಲಬಹುದು ಅಂತ ಎಚ್ಚರಿಸಿದ್ದು ಒಂದು ಸಣ್ಣ ವಾರಪತ್ರಿಕೆ ನಡೆಸುತ್ತಿದ್ದ ರಾಜಕುಮಾರ್ ಕೇಸ್ವಾನಿ. ಅವರ ಮಾತನ್ನು ಕೇಳಿಸಿಕೊಳ್ಳುವ ಮೇಜು ಆಗ ಇರಲಿಲ್ಲ. ಈಗ ಕಾನೂನಿನಲ್ಲಿ ಇದೆ. ಜಿಲ್ಲಾಧಿಕಾರಿಗಳೇ, ನಿಮ್ಮ ಜಿಲ್ಲೆಯ ಆ ಗುಂಪಿನ ಸದಸ್ಯರು ಯಾರು, ಕಳೆದ ಸಲ ಯಾವಾಗ ಸೇರಿದ್ದರು, ದಯವಿಟ್ಟು ಜನರಿಗೆ ತಿಳಿಸಿ. ನಮ್ಮೂರಲ್ಲಿ ನಾನು ಕೇಳಿದವರಲ್ಲಿ ಇಂಥದ್ದೊಂದು ಗುಂಪು ಇದೆ ಅಂತ ಗೊತ್ತಿದ್ದವರು ಒಬ್ಬರೂ ಸಿಗಲಿಲ್ಲ.

ಸೈರನ್ ಎಬ್ಬಿಸುತ್ತದೆ, ಅಷ್ಟೇ. ಎದ್ದವರು ಏನು ಮಾಡಬೇಕು? ಇಲ್ಲಿ ಎಲ್ಲ ಅನಿಲಕ್ಕೂ ಒಂದೇ ಉತ್ತರ ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ನೆಲಕ್ಕೆ ಅಂಟಿಕೊಂಡು ಹರಿದು ತಗ್ಗಿಗೆ, ಚರಂಡಿಗೆ ಇಳಿಯುತ್ತದೆ. ಆಗ ಒಲೆ ಹಚ್ಚಬಾರದು, ಲೈಟಿನ ಸ್ವಿಚ್ ಮುಟ್ಟಬಾರದು, ಬೈಕ್ ಸ್ಟಾರ್ಟ್ ಮಾಡಬಾರದು. ನೀರು ಶುದ್ಧ ಮಾಡುವ ಘಟಕಗಳಲ್ಲಿರುವ ಕ್ಲೋರಿನ್ ಕೂಡ ಭಾರವೇ, ಅದು ಸೋರಿದರೆ ತಗ್ಗಿನಲ್ಲಿ ನಿಲ್ಲದೆ ಎತ್ತರಕ್ಕೆ ಹೋಗಬೇಕು. ಗೊಬ್ಬರ ಕಾರ್ಖಾನೆ ಮತ್ತು ಬಂದರಿನ ಐಸ್ ಪ್ಲಾಂಟ್‌ಗಳಲ್ಲಿರುವ ಅಮೋನಿಯಾ ಬಂದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿದು ಗಾಳಿಗೆ ಅಡ್ಡಲಾಗಿ ಸರಿಯಬೇಕು. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಅಪಾಯ ಹೋಯಿತು ಅಂತ ತಿಳಿದರೆ ಜೀವಕ್ಕೇ ಮುಳುವು. 2025ರ ಜುಲೈನಲ್ಲಿ ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ ಈ ಅನಿಲ ಸೋರಿ ಇಬ್ಬರು ಸಿಬ್ಬಂದಿ ತೀರಿಕೊಂಡರು. ಅವರು ತರಬೇತಿ ಇದ್ದವರು. ಹೊರಗಿನವರ ಪಾಡೇನು ಯೋಚಿಸಿ.

ದಕ್ಷಿಣ ಕನ್ನಡದವರಿಗೆ ಪೆರ್ನೆ ಮರೆಯುವುದಿಲ್ಲ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿತು. ಅನಿಲ ಹರಡಿ ಹೊತ್ತಿಕೊಂಡು ಹೆದ್ದಾರಿ ಪಕ್ಕದ ಮನೆಗಳು ಸುಟ್ಟವು, ಮನೆಯಲ್ಲಿದ್ದವರೂ ಸತ್ತರು. ಅಪಾಯ ಇರುವುದು ಕಾರ್ಖಾನೆಯ ಕಾಂಪೌಂಡಿನೊಳಗೆ ಮಾತ್ರ ಎಂಬ ಲೆಕ್ಕ ಅಲ್ಲಿಗೇ ಮುಗಿಯಿತು. ನಿಮ್ಮ ಟ್ಯಾಂಕರ್ ಓಡುವ ದಾರಿಯುದ್ದಕ್ಕೂ ನಿಮ್ಮ ಮಾತೂ ಹೋಗಬೇಕು. ಟ್ಯಾಂಕರ್ ಮಗುಚಿದರೆ ಒಲೆ ಆರಿಸಿ ದೂರ ಹೋಗಿ ಅಂತ ಹೆದ್ದಾರಿ ಪಕ್ಕದ ಪ್ರತಿ ಹೋಟೆಲಿನವರಿಗೂ, ಗೂಡಂಗಡಿಯವರಿಗೂ ಬಾಯಿಪಾಠ ಆಗಿರಬೇಕು.

ಇದನ್ನೆಲ್ಲ ಅನಿಲ ಸೋರುತ್ತಿರುವಾಗ ಕೂತು ಬರೆಯಲು ಆಗುವುದಿಲ್ಲ. ನಿಮ್ಮಲ್ಲಿರುವ ಪ್ರತಿ ರಾಸಾಯನಿಕಕ್ಕೂ ಒಂದು ಸಣ್ಣ ಚೀಟಿ ಇವತ್ತೇ ಬರೆದಿಡಿ. ನಾಲ್ಕೈದು ಸಾಲು ಸಾಕು. ಏನು ಸೋರಿದೆ, ಎಲ್ಲಿ ಸೋರಿದೆ, ಗಾಳಿ ಎತ್ತ ಬೀಸುತ್ತಿದೆ, ನೀವು ಈಗ ಏನು ಮಾಡಬೇಕು, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಹೇಳುತ್ತೇವೆ. ಜಾಗದ ಹೆಸರು, ಸಮಯ ತುಂಬಿಸಲು ಖಾಲಿ ಬಿಡಿ. ನಾನು ಕಂಡ ಯೋಜನಾ ಕಡತಗಳಲ್ಲಿ ಇಂಥ ಚೀಟಿಯ ಜಾಗದಲ್ಲಿ ಒಂದು ಇಂಗ್ಲಿಷ್ ಪತ್ರಿಕಾ ಪ್ರಕಟಣೆಯ ನಮೂನೆ ಇರುತ್ತಿತ್ತು. ಮೊದಲ ಸಾಲಿನಲ್ಲೇ ಸಂಸ್ಥೆಯ ಸುರಕ್ಷತಾ ದಾಖಲೆಯ ಹೊಗಳಿಕೆ. ಹಿಂದಿನ ಪುಟದಲ್ಲಿ ಫೋನ್ ಪಟ್ಟಿ, ಅದರಲ್ಲಿ ಎಂದೋ ವರ್ಗವಾಗಿ ಹೋದ ತಹಶೀಲ್ದಾರರ ನಂಬರು. ಕಡತ ಮಾತ್ರ ಹೊಸ ಬೈಂಡಿಂಗ್.

ಭಾಷೆಯ ಮಾತು ಹೇಳಲೇಬೇಕು. ಕರಾವಳಿಯಲ್ಲಿ ಕನ್ನಡದ ಜೊತೆ ತುಳು, ಬ್ಯಾರಿ, ಕೊಂಕಣಿ ಬೇಕು. ಕೈಗಾರಿಕಾ ಪ್ರದೇಶದ ಲೇಬರ್ ಶೆಡ್‌ಗಳಲ್ಲಿ ಬಂಗಾಳಿ, ಒಡಿಯಾ, ಹಿಂದಿ ಬೇಕು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ ಐವರು ಕಾರ್ಮಿಕರು ಸತ್ತರು. ಒಳಗೆ ಬಿದ್ದ ಒಬ್ಬರನ್ನು ಎತ್ತಲು ಇಳಿದವರೂ ಉಸಿರುಗಟ್ಟಿ ಸತ್ತರು. ಐವರೂ ಪಶ್ಚಿಮ ಬಂಗಾಳದವರು. ‘ಕಾಪಾಡಲು ಇಳಿಯಬೇಡಿ, ಮೊದಲು ಕೂಗಿ ಕರೆಯಿರಿ’ ಎಂಬ ಎಚ್ಚರಿಕೆ ಅವರ ಭಾಷೆಯಲ್ಲೇ ಅವರ ಕಣ್ಣೆದುರು ಇರಬೇಕು. ಇಂಥ ಹುಡುಗರು ಸಾಯುವುದು ಒಬ್ಬರ ಮೇಲೊಬ್ಬರ ಪ್ರೀತಿಗೆ. ಅದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ.

ಸುದ್ದಿ ಮುಟ್ಟಿಸಲು ನಮ್ಮೂರುಗಳಲ್ಲಿ ದಾರಿ ಬೇಕಾದಷ್ಟಿವೆ. ದೇವಸ್ಥಾನ, ಮಸೀದಿ, ಚರ್ಚಿನ ಮೈಕುಗಳಿವೆ. ಯಕ್ಷಗಾನಕ್ಕೂ ಕಂಬಳಕ್ಕೂ ಆಟೊಗೆ ಮೈಕ್ ಕಟ್ಟಿ ಸಾರುವವರಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾರಿಗೆ ಕಿವಿ ಕೇಳುವುದಿಲ್ಲ ಅಂತ ಗೊತ್ತು. ಇವರನ್ನೆಲ್ಲ ಮೊದಲೇ ಕೂರಿಸಿ ಮಾತಾಡಿ. ಅಪಾಯದ ದಿನ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ.

ಮೊದಲ ಗಂಟೆ ಕಳೆದ ಮೇಲೆ ಇನ್ನೊಂದು ಕಷ್ಟ ಶುರುವಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೇಳುವುದು. ವಿಶಾಖಪಟ್ಟಣದಲ್ಲಿ ಅದೇ ದಿನ ರಾತ್ರಿ ಮತ್ತೆ ಸೋರುತ್ತಿದೆ ಎಂಬ ಮಾತು ಹಬ್ಬಿತು. ದೂರದ ಬಡಾವಣೆಯವರೂ ಮಕ್ಕಳು ಮರಿ ಕಟ್ಟಿಕೊಂಡು ನಡುರಾತ್ರಿ ರಸ್ತೆಗಿಳಿದರು. ಜನರನ್ನು ದೂರಬೇಡಿ. ಬೆಳಗ್ಗೆ ಎಚ್ಚರಿಕೆಯೇ ಬಾರದೆ ಸತ್ತವರನ್ನು ಕಂಡ ಜನ ರಾತ್ರಿ ಯಾರ ಮಾತು ನಂಬಿ ಮನೆಯಲ್ಲಿ ಮಲಗಬೇಕಿತ್ತು? ಕಾರ್ಖಾನೆಗೂ ಜಿಲ್ಲಾಡಳಿತಕ್ಕೂ ಸೇರಿ ಮಾತಾಡುವವರು ಒಬ್ಬರೇ ಇರಲಿ, ಅವರಿಲ್ಲದಿದ್ದರೆ ಇನ್ನೊಬ್ಬರು ಯಾರು ಅಂತಲೂ ಮೊದಲೇ ಗೊತ್ತಿರಲಿ. ಗಂಟೆಗೊಮ್ಮೆ ಹೇಳುತ್ತೇವೆ ಅಂದರೆ ಗಂಟೆಗೊಮ್ಮೆ ಹೇಳಲೇಬೇಕು, ಹೊಸತೇನೂ ಇಲ್ಲದಿದ್ದರೂ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಅದರಿಂದ ಮರ್ಯಾದೆ ಹೋಗುವುದಿಲ್ಲ. ನೀವು ಸುಮ್ಮನಾದ ಜಾಗಕ್ಕೆ ವಾಟ್ಸ್ಯಾಪಿನ ವಾಯ್ಸ್ ಮೆಸೇಜ್ ಬಂದು ಕೂರುತ್ತದೆ.

ದಯವಿಟ್ಟು ‘ಪರಿಸ್ಥಿತಿ ಹತೋಟಿಯಲ್ಲಿದೆ, ಜನ ಆತಂಕಪಡಬೇಕಾಗಿಲ್ಲ’ ಎಂಬ ಸಾಲನ್ನು ನಿಮ್ಮ ಕಡತದಿಂದ ಹೊಡೆದುಹಾಕಿ. ಕಣ್ಣು ಉರಿಯುತ್ತಿರುವವರಿಗೆ ಆ ಸಾಲು ಕೇಳಿದರೆ ಸಿಟ್ಟು ಬರುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. ಜನರಿಗೆ ಸಮಾಧಾನಕ್ಕಿಂತ ಮೊದಲು ಕೆಲಸ ಬೇಕು. ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಶಾಲೆಗೆ ಮಕ್ಕಳನ್ನು ಕರೆತರಲು ಓಡಬೇಡಿ, ಟೀಚರ್ ನೋಡಿಕೊಳ್ಳುತ್ತಾರೆ. ಹೀಗೆ ಹೇಳಿದರೆ ಕೈಗೆ ಕೆಲಸ ಸಿಗುತ್ತದೆ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಮಾತಾಡಿದರೆ ತಪ್ಪು ಒಪ್ಪಿಕೊಂಡಂತೆ ಅಂತ ನಿಮ್ಮ ವಕೀಲರು ಎಚ್ಚರಿಸಬಹುದು. ಏನು ಸೋರಿದೆ, ಎತ್ತ ಹೋಗಬೇಕು ಅಂತ ಹೇಳುವುದರಲ್ಲಿ ತಪ್ಪೊಪ್ಪಿಗೆ ಎಲ್ಲಿದೆ? ಯಾಕೆ ಸೋರಿತು ಎಂಬುದು ತನಿಖೆಗೆ ಬಿಟ್ಟದ್ದು. ಈ ವಿಷಯ ವಕೀಲರ ಜೊತೆ ಇವತ್ತೇ ಮಾತಾಡಿ ಮುಗಿಸಿ.

ನಿಮ್ಮ ಗೇಟಿನ ಸೆಕ್ಯುರಿಟಿಯವರನ್ನೂ ಮರೆಯಬೇಡಿ. ಜನ ಮೊದಲು ಓಡಿಬರುವುದು ಅವರ ಹತ್ತಿರ. ಆ ಚೀಟಿಯ ಒಂದು ಪ್ರತಿ ಅವರ ಕೈಯಲ್ಲೂ ಇರಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನಿಮ್ಮಲ್ಲಿ ಏನೇನಿದೆ, ಯಾವುದಕ್ಕೆ ಯಾವ ಚಿಕಿತ್ಸೆ ಅಂತ ಈಗಲೇ ಕೊಟ್ಟಿಡಿ. ಗುಟ್ಟು ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ.

ಜಿಲ್ಲಾಧಿಕಾರಿಗಳೇ, ಈ ವರ್ಷದ ಆಫ್‌ಸೈಟ್ ಅಭ್ಯಾಸದ ದಿನಾಂಕವನ್ನು ಮುಂಚಿತವಾಗಿ ಪಂಚಾಯತಿಗಳಿಗೆ ತಿಳಿಸಿ. ಅದಕ್ಕೆ ವಾರ ಮೊದಲು ಮನೆಮನೆಗೆ ಆ ಸಾಲುಗಳ ಚೀಟಿ ಹಂಚಿಸಿ. ಅಭ್ಯಾಸದ ದಿನ ನಿಮ್ಮ ವೀಕ್ಷಕರಲ್ಲಿ ಒಬ್ಬರನ್ನಾದರೂ ಗೇಟಿನ ಹೊರಗೆ, ಬಸ್ ಸ್ಟಾಪಿನಲ್ಲಿ ನಿಲ್ಲಿಸಿ. ಸೈರನ್ ಕೂಗಿದಾಗ ಅಲ್ಲಿದ್ದವರು ಏನು ಮಾಡಿದರು ಅಂತ ಅವರು ಬರೆದುಕೊಳ್ಳಲಿ. ಕಾರ್ಖಾನೆ ಮುಖ್ಯಸ್ಥರೇ, ಅಷ್ಟರೊಳಗೆ ಶಿಫ್ಟ್ ಇನ್‌ಚಾರ್ಜ್‌ಗೆ ಆ ಸಹಿ ಮಾಡಿದ ಕಾಗದ ಕೊಟ್ಟಿರಿ. ಅಭ್ಯಾಸ ನಡೆಸಲು ಜನ ಬೇಕಾದರೆ ನಮ್ಮೂರಿನ ಯುವಕ ಮಂಡಲದವರು, ಸ್ತ್ರೀಶಕ್ತಿ ಗುಂಪಿನವರು ಬರಲು ತಯಾರಿದ್ದಾರೆ. ನಾನೂ ಬರುತ್ತೇನೆ.

ಇಂತಿ,
ಕೈಗಾರಿಕಾ ಪ್ರದೇಶದ ಪಕ್ಕದ ಊರಿನ ಒಬ್ಬ ನಿವೃತ್ತ ಸುರಕ್ಷತಾ ಸಿಬ್ಬಂದಿ